ಗೋಕಾಕ ಜಲಪಾತ: ‘ನಯಾಗರ’ದ ಹೋಲಿಕೆ ಬಿಟ್ಟುಬಿಟ್ಟದ್ದೇನು?

ಗೋಕಾಕ ಜಲಪಾತದ ಬಗೆಗೆ ನೀವು ಶಾಲೆಯ ಪುಸ್ತಕದಲ್ಲೋ ಪ್ರವಾಸಿ ಕರಪತ್ರದಲ್ಲೋ ಓದಿಯೇ ಇರುತ್ತೀರಿ. ಘಟಪ್ರಭಾ ನದಿ ಮರಳುಗಲ್ಲಿನ ಬಂಡೆಯ ಮೇಲಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಪ್ರವಾಹದ ದಿನಗಳಲ್ಲಿ ಧಾರೆಯ ಅಗಲ ಸುಮಾರು 177 ಮೀಟರ್. ಬಂಡೆಯ ಅಂಚು ಕುದುರೆಲಾಳದ ಆಕಾರದಲ್ಲಿದೆ. ಆದ್ದರಿಂದ ಇದು ‘ಕರ್ನಾಟಕದ ನಯಾಗರ’. ಇದರ ಜೊತೆಗೆ ತೂಗುಸೇತುವೆ, ಚಾಲುಕ್ಯರ ಕಾಲದ ಗುಡಿಗಳು, 1885ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿ, 1887ರಷ್ಟು ಹಿಂದೆಯೇ ನಡೆದ ಜಲವಿದ್ಯುತ್ ಉತ್ಪಾದನೆ ಇವುಗಳ ಪ್ರಸ್ತಾಪವಿರುತ್ತದೆ.

ಈ ವಿವರಗಳಲ್ಲಿ ತಪ್ಪಿಲ್ಲ. ಆದರೆ ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಬಂಡೆಯ ಮೇಲೆ ಬೆಳೆಯುವ ಒಂದೇ ಒಂದು ಗಿಡದ ಹೆಸರು ನಿಮಗೆ ತಿಳಿಯಿತೆ? ಕಮರಿಯ ಬಿರುಕುಗಳಲ್ಲಿ ಗೂಡು ಮಾಡುವ ಒಂದು ಹಕ್ಕಿಯ ಹೆಸರು? ಜಲಪಾತದ ಕೆಳಗಿನ ಮಡುವಿನಲ್ಲಿರುವ ಒಂದು ಮೀನಿನ ಹೆಸರು? ಉತ್ತರ ಬಹುಮಟ್ಟಿಗೆ ‘ಇಲ್ಲ’ ಎಂದೇ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲಾ ಗ್ಯಾಸೆಟಿಯರ್‌ನಿಂದ ಹಿಡಿದು ಇಂದಿನ ಕರಪತ್ರದವರೆಗೆ ನಮ್ಮ ವರ್ಣನೆ ನೀರು ಮತ್ತು ಕಲ್ಲಿನ ಅಳತೆಯಲ್ಲೇ ನಿಂತಿದೆ.

ವರ್ಣನೆಯಲ್ಲಿ ಏನು ಬಿಟ್ಟುಹೋಗುತ್ತದೋ ಅದು ಸಂರಕ್ಷಣೆಯಲ್ಲೂ ಬಿಟ್ಟುಹೋಗುತ್ತದೆ. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಹರಿಯುವ ಘಟಪ್ರಭೆಯ ಮಟ್ಟಿಗೆ ಈ ಮಾತು ಎಷ್ಟು ನಿಜ ಎಂಬುದನ್ನು ಮೂರು ವರ್ಣನೆಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸೋಣ. ಒಂದು ‘ನಯಾಗರ’ ಎಂಬ ಹೋಲಿಕೆ. ಎರಡು ‘ಪಕ್ಷಿಧಾಮ’ ಎಂಬ ಘೋಷಣೆ. ಮೂರು ‘ಬಂಜರು’ ಎಂಬ ವರ್ಗೀಕರಣ.

ಹೋಲಿಕೆ ಅರ್ಧಕ್ಕೇ ನಿಂತಿದೆ

ನಯಾಗರದ ಜೊತೆ ಹೋಲಿಸುವುದೇ ತಪ್ಪು ಎಂದು ಹೇಳಬೇಕಾಗಿಲ್ಲ. ಹೋಲಿಕೆಯನ್ನು ಪೂರ್ತಿ ಮಾಡಿಲ್ಲ ಎಂಬುದಷ್ಟೇ ಆಕ್ಷೇಪ.

ನಯಾಗರ ನದಿಯ ನೀರನ್ನು ಅಮೆರಿಕ ಮತ್ತು ಕೆನಡಾ ಎರಡೂ ದೇಶಗಳು ವಿದ್ಯುತ್ತಿಗಾಗಿ ಜಲಪಾತದ ಮೇಲ್ಭಾಗದಲ್ಲೇ ತಿರುಗಿಸಿಕೊಳ್ಳುತ್ತವೆ. ಹೀಗೆ ಎಷ್ಟು ಬೇಕಾದರೂ ತೆಗೆದುಕೊಳ್ಳುತ್ತ ಹೋದರೆ ಜಲಪಾತವೇ ಉಳಿಯುವುದಿಲ್ಲ ಎಂದು ಅರಿತು 1950ರಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಗಲಿನ ನಿಗದಿತ ವೇಳೆಯಲ್ಲಿ ಜಲಪಾತದ ಮೇಲೆ ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಹರಿಯಲೇಬೇಕು. ಉಳಿದ ವೇಳೆಯಲ್ಲಿ ಕನಿಷ್ಠ 50 ಸಾವಿರ ಕ್ಯೂಸೆಕ್. ಒಪ್ಪಂದದ ಉದ್ದೇಶ ಮುಖ್ಯವಾಗಿ ದೃಶ್ಯಸೌಂದರ್ಯವೇ ಹೊರತು ಜೀವಿಗಳ ರಕ್ಷಣೆಯಲ್ಲ. ಪ್ರವಾಸಿಗಳು ಮಲಗಿದ ಮೇಲೆ ನೀರು ಅರ್ಧಕ್ಕೆ ಇಳಿಯುವುದೇ ಇದಕ್ಕೆ ಸಾಕ್ಷಿ. ಆದರೂ ನದಿಗೂ ಒಂದು ಪಾಲು ಇದೆ, ಅದನ್ನು ಅಂಕಿಯಲ್ಲಿ ಬರೆದಿಡಬೇಕು ಎಂಬ ತತ್ತ್ವ ಅಲ್ಲಿ ಒಪ್ಪಿತವಾಗಿದೆ.

ಈಗ ಘಟಪ್ರಭೆಯತ್ತ ಬನ್ನಿ. ಸಹ್ಯಾದ್ರಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 884 ಮೀಟರ್ ಎತ್ತರದಲ್ಲಿ ಹುಟ್ಟುವ ಈ ನದಿ ಸುಮಾರು 283 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತದೆ. ಜಲಪಾತಕ್ಕೆ ಬರುವ ಮುಂಚೆಯೇ ಅದರ ನೀರಿಗೆ ಎರಡು ಕಡೆ ಲೆಕ್ಕವಾಗುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಸಾಮರ್ಥ್ಯದ ಜಲಾಶಯವಿದೆ. ಅದರ ಕೆಳಗೆ ಧೂಪದಾಳದಲ್ಲಿ ಒಡ್ಡು ಇದೆ. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ 1897ರಷ್ಟು ಹಳೆಯದು. ಗೋಕಾಕ ಮತ್ತು ಮೂಡಲಗಿ ಭಾಗದ ಹೊಲಗಳಿಗೆ ಈ ಕಾಲುವೆಯ ನೀರೇ ಆಧಾರ. ಘಟಪ್ರಭಾ ಯೋಜನೆಯ ಒಟ್ಟು ನೀರಾವರಿ ಗುರಿ ಮೂರು ಲಕ್ಷ ಹೆಕ್ಟೇರ್‌ಗೂ ಮಿಕ್ಕಿದ್ದು. ಈ ಬಾಗಿಲುಗಳನ್ನು ದಾಟಿ ಉಳಿದ ನೀರು ಜಲಪಾತಕ್ಕೆ ಬರುತ್ತದೆ. ಆಗಸ್ಟ್‌ನಲ್ಲಿ ಭೋರ್ಗರೆಯುವ ಬಂಡೆ ಏಪ್ರಿಲ್‌ನಲ್ಲಿ ಒಣಗಿ ನಿಂತಿರುವುದನ್ನು ನೀವು ಕಂಡಿರಬಹುದು.

ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. ಘಟಪ್ರಭೆ ಮಳೆಗಾಲದ ನದಿ. ಅಣೆಕಟ್ಟು ಇಲ್ಲದ ಕಾಲದಲ್ಲೂ ಬೇಸಿಗೆಯಲ್ಲಿ ಅದು ಸೊರಗುತ್ತಲೇ ಇದ್ದಿರಬೇಕು. ವರ್ಷವಿಡೀ ಜಲಪಾತ ತುಂಬಿ ಹರಿಯಲಿ ಎಂದು ಕೇಳುವುದು ವಿಜ್ಞಾನವೂ ಅಲ್ಲ, ರೈತರಿಗೆ ನ್ಯಾಯವೂ ಅಲ್ಲ. ಕೇಳಬೇಕಾದದ್ದು ಬೇರೆ. ಏರುವುದು, ಇಳಿಯುವುದು, ಒಣಗುವುದು ಎಂಬ ನದಿಯ ಲಯಕ್ಕೆ ಹೊಂದಿಕೊಂಡ ಜೀವಿಗಳಿಗೆ ಯಾವ ತಿಂಗಳಲ್ಲಿ ಎಷ್ಟು ನೀರು ಬೇಕು?

ಒಂದು ಉದಾಹರಣೆ ನೋಡಿ. ಪಶ್ಚಿಮ ಘಟ್ಟದ ನದಿಗಳಲ್ಲಿ ಪೊಡೊಸ್ಟೆಮೇಸಿ ಕುಟುಂಬದ ಪುಟ್ಟ ಸಸ್ಯಗಳಿವೆ. ರಭಸದ ನೀರಿನೊಳಗೆ ಬಂಡೆಗೆ ಅಂಟಿಕೊಂಡು ಮಳೆಗಾಲವಿಡೀ ಬೆಳೆಯುತ್ತವೆ. ನೀರು ಇಳಿದು ಬಂಡೆ ಹೊರಬಿದ್ದ ಕೂಡಲೇ ಅವಸರದಲ್ಲಿ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಹೂಬಿಡುವ ವೇಳೆಗೆ ಅಣೆಕಟ್ಟಿನಿಂದ ಹಠಾತ್ತನೆ ನೀರು ಬಿಟ್ಟರೆ ಒಂದು ವರ್ಷದ ಬೀಜವೇ ಕೊಚ್ಚಿಹೋದೀತು. ಒಟ್ಟು ನೀರಿನ ಪ್ರಮಾಣ ಬದಲಾಗದಿದ್ದರೂ ಬಿಡುವ ವೇಳೆ ಬದಲಾದರೆ ಸಾಕು, ಹಾನಿ ಆಗಿಯೇ ಆಗುತ್ತದೆ. ಅಗಲ 177 ಮೀಟರ್ ಎಂಬ ಒಂದೇ ಅಂಕಿ ಇಂಥ ಪ್ರಶ್ನೆಗೆ ಉತ್ತರಿಸಲಾರದು.

ಜಲಪಾತದ ಎತ್ತರವೂ ಬರಿಯ ಬೆರಗಿನ ಅಂಕಿಯಲ್ಲ. 52 ಮೀಟರ್ ಎತ್ತರದ ಕಡಿದಾದ ಗೋಡೆಯನ್ನು ಮೀನು ಹತ್ತಲಾರದು. ಅಂದರೆ ಜಲಪಾತದ ಕೆಳಗಿನ ನದಿಗೆ ಕೃಷ್ಣೆಯ ಮೀನುಗಳು ಈಜಿ ಬರಬಹುದು, ಮೇಲಿನ ನದಿಗೆ ಬರಲಾರವು. ಆದ್ದರಿಂದ ಮೇಲಿನ ಮತ್ತು ಕೆಳಗಿನ ಮೀನುಗಳ ಪಟ್ಟಿಯನ್ನು ಬೇರೆಬೇರೆಯಾಗಿಯೇ ಮಾಡಬೇಕು. ಎತ್ತರವನ್ನು ಹೇಳಿ ಅದರ ಜೈವಿಕ ಅರ್ಥವನ್ನು ಹೇಳದಿರುವುದು ನಮ್ಮ ವರ್ಣನೆಯ ಮುಖ್ಯ ದೋಷ.

ಪಕ್ಷಿಧಾಮ: ನೀರಿಗೆ ಗಡಿ, ಹಕ್ಕಿಗಲ್ಲ

ಎರಡನೆಯ ವರ್ಣನೆಯಲ್ಲಿ ಜೀವಿಗಳಿವೆ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಎರಡೇ ವರ್ಷಕ್ಕೆ, 1974ರಲ್ಲಿ, ಘಟಪ್ರಭಾ ಪಕ್ಷಿಧಾಮ ಘೋಷಣೆಯಾಯಿತು. ವಿಸ್ತೀರ್ಣ 29.78 ಚದರ ಕಿಲೋಮೀಟರ್. ಧೂಪದಾಳ ಒಡ್ಡಿನ ಹಿನ್ನೀರು, ಅದರೊಳಗಿನ ನಡುಗಡ್ಡೆಗಳು ಮತ್ತು ನದಿಪಾತ್ರ ಇದರಲ್ಲಿ ಸೇರಿವೆ. ಚಳಿಗಾಲದಲ್ಲಿ ಇಲ್ಲಿಗೆ ಬರುವ ಕರ್ಕರ ಕೊಕ್ಕರೆಗಳು ಮಧ್ಯ ಏಷ್ಯಾ ಮತ್ತು ಮಂಗೋಲಿಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವಂಥವು. ಯುರೋಪಿನ ಬಿಳಿ ಕೊಕ್ಕರೆಯ ಹೆಸರೂ ಈ ಧಾಮದ ಪಟ್ಟಿಯಲ್ಲಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹಕ್ಕಿ ನೋಡಲು ಒಳ್ಳೆಯ ಕಾಲ.

ಘೋಷಣೆ ಸ್ವಾಗತಾರ್ಹ. ನೀರಾವರಿಗೆಂದು ಕಟ್ಟಿದ ಒಡ್ಡು ಹಕ್ಕಿಗಳಿಗೆ ಆಸರೆಯಾದುದನ್ನು ಗುರುತಿಸಿ ಕಾನೂನಿನ ರಕ್ಷಣೆ ಕೊಟ್ಟಿದ್ದು ಸಣ್ಣ ಕೆಲಸವಲ್ಲ. ಆದರೆ ಗಡಿಯ ತರ್ಕವನ್ನು ಪರೀಕ್ಷಿಸಿ. ಕರ್ಕರ ಕೊಕ್ಕರೆ ರಾತ್ರಿ ಆಳವಿಲ್ಲದ ನೀರಿನಲ್ಲಿ, ಮರಳು ದಿಬ್ಬದ ಮೇಲೆ ತಂಗುತ್ತದೆ. ಹಗಲಿನಲ್ಲಿ ಹೊಲಗಳಿಗೆ ಹೋಗಿ ಕಡಲೆ, ಶೇಂಗಾ, ಉದುರಿದ ಜೋಳ ತಿನ್ನುತ್ತದೆ. ತಂಗುವ ಜಾಗ ಧಾಮದೊಳಗಿದೆ, ಊಟದ ಜಾಗ ಹೊರಗಿದೆ. ಹಿಂಗಾರಿ ಬೆಳೆಯ ತೆರೆದ ಹೊಲ ಕಬ್ಬಿನ ಗದ್ದೆಯಾದರೆ ಎತ್ತರದ ಬೆಳೆಯ ನಡುವೆ ಈ ಹಕ್ಕಿ ಇಳಿಯಲಾರದು. ಆಗ ಧಾಮದ ನೀರು ಹಾಗೆಯೇ ಇದ್ದರೂ ಹಕ್ಕಿ ಬರುವುದು ಕಡಿಮೆಯಾಗಬಹುದು. ಅದಕ್ಕೆ ಕಾರಣವನ್ನು ಧಾಮದೊಳಗೆ ಹುಡುಕಿದರೆ ಸಿಗುವುದಿಲ್ಲ.

ಹೂಳಿನ ವಿಷಯವೂ ಹೀಗೆಯೇ. ನೀರಾವರಿ ಎಂಜಿನಿಯರ್ ಹೂಳನ್ನು ನಷ್ಟ ಎನ್ನುತ್ತಾರೆ, ಅದು ಸರಿ. ಆದರೆ ಕೆಸರಿನಲ್ಲಿ ಕೊಕ್ಕು ಹೂಡಿ ಹುಳು ಹಿಡಿಯುವ ಉಲ್ಲಂಕಿಗಳಿಗೆ ಹೂಳಿನ ಅಂಚೇ ಊಟದ ತಟ್ಟೆ. ನಡುಗಡ್ಡೆಯ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೆ ನೀರಿನ ಮಟ್ಟ ಒಂದಡಿ ಏರಿದರೂ ಅಪಾಯ. ಮಟ್ಟ ತೀರ ಇಳಿದು ನಡುಗಡ್ಡೆ ದಡಕ್ಕೆ ಕೂಡಿಕೊಂಡರೆ ನಾಯಿ, ನರಿಗಳು ನಡೆದೇ ಬರುತ್ತವೆ. ಆದ್ದರಿಂದ ಒಡ್ಡಿನ ಬಾಗಿಲು ಎತ್ತುವ ವೇಳಾಪಟ್ಟಿಯೂ ಒಂದು ವನ್ಯಜೀವಿ ದಾಖಲೆಯೇ. ಧಾಮದ ಪಕ್ಷಿ ಎಣಿಕೆಯ ಪಕ್ಕದಲ್ಲಿ ಅಂದಿನ ನೀರಿನ ಮಟ್ಟವನ್ನು ಬರೆಯದಿದ್ದರೆ ಆ ಎಣಿಕೆಯಿಂದ ಕಾರಣ ತಿಳಿಯುವುದು ಕಷ್ಟ.

ಇನ್ನೊಂದು ಅಂಶ. ‘ಪಕ್ಷಿಧಾಮ’ ಎಂಬ ಹೆಸರೇ ನಮ್ಮ ಕಣ್ಣನ್ನು ನೀರಿನ ಕಡೆಗೆ ತಿರುಗಿಸಿಬಿಟ್ಟಿತು. ಮನುಷ್ಯ ಕಟ್ಟಿದ ಕೆರೆಯಂಥ ಹಿನ್ನೀರು ಧಾಮ ಎಂದಾಯಿತು. ಮನುಷ್ಯ ಕಟ್ಟದ ಕಮರಿ, ಮರಳುಗಲ್ಲಿನ ಗುಡ್ಡ, ಮಾರ್ಕಂಡೇಯ ನದಿಯ ಮೇಲಿನ ಗೊಡಚಿನಮಲ್ಕಿ ಜಲಪಾತದ ಕಣಿವೆ ಇವು ‘ಪ್ರೇಕ್ಷಣೀಯ ಸ್ಥಳ’ಗಳಾಗಿಯೇ ಉಳಿದವು.

‘ಬಂಜರು’ ಎಂಬ ಪದ

ಮೂರನೆಯ ವರ್ಣನೆ ಎಲ್ಲಕ್ಕಿಂತ ಹೆಚ್ಚು ವಿಮರ್ಶೆಗೆ ಅರ್ಹ. 2000ದಿಂದ ಈಚೆಗೆ ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆ ಉಪಗ್ರಹ ಚಿತ್ರಗಳ ನೆರವಿನಿಂದ ಭಾರತದ ಬಂಜರು ಭೂಮಿಯ ನಕ್ಷೆಗಳನ್ನು ಕಾಲಕಾಲಕ್ಕೆ ಪ್ರಕಟಿಸುತ್ತ ಬಂದಿದೆ. ಅದರಲ್ಲಿ ‘ಕುರುಚಲು ಭೂಮಿ’, ‘ಬರಡು ಕಲ್ಲುನೆಲ’ ಎಂಬ ವರ್ಗಗಳಿವೆ. ಉಪಗ್ರಹದಿಂದ ನೋಡಿದರೆ ಗೋಕಾಕದ ಸುತ್ತಲಿನ ಮರಳುಗಲ್ಲಿನ ಗುಡ್ಡಗಳು ಇದೇ ರೀತಿ ಕಾಣುತ್ತವೆ. ನಮ್ಮ ಆಡುಮಾತಿನಲ್ಲೂ ಅದು ‘ಬೋಳುಗುಡ್ಡ’ವೇ.

ಈ ಗುಡ್ಡಗಳ ಹಿನ್ನೆಲೆ ತಿಳಿದರೆ ಅಭಿಪ್ರಾಯ ಬದಲಾದೀತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನದ ಗ್ರಂಥದಲ್ಲಿ ಕಲಾದಗಿ ಶಿಲಾಸರಣಿಯನ್ನು ವಿವರಿಸಿದರು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಹರಡಿರುವ ಈ ಮರಳುಗಲ್ಲು ಮತ್ತು ಬೆಣಚುಗಲ್ಲುಗಳು ಪಶ್ಚಿಮಕ್ಕಿರುವ ದಖನ್ ಬಸಾಲ್ಟಿಗಿಂತ ಎಷ್ಟೋ ಪ್ರಾಚೀನ. ಬಸಾಲ್ಟ್ ಸವೆದು ಫಲವತ್ತಾದ ಎರೆಮಣ್ಣು ಆಗುತ್ತದೆ. ಮರಳುಗಲ್ಲು ಸವೆದರೆ ಸಾರವಿಲ್ಲದ ಮರಳು ಮಣ್ಣು, ಅದೂ ಗೇಣುದ್ದ ಆಳವಿಲ್ಲ. ಮಳೆ ಬಂದಾಗ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ, ವಾರದಲ್ಲಿ ಒಣಗುತ್ತದೆ. ಬೇಸಿಗೆಯಲ್ಲಿ ಬಂಡೆ ಕಾದ ಹಂಚು. ಘಟಪ್ರಭೆ ಮತ್ತು ಅದರ ಉಪನದಿ ಹಿರಣ್ಯಕೇಶಿಯ ಮೇಲ್ಭಾಗವಾದ ಅಂಬೋಲಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುತ್ತದೆ. ಗೋಕಾಕ ಇರುವುದು ಮಳೆಯ ನೆರಳಿನಲ್ಲಿ. ಇಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಇಂಥ ನೆಲದಲ್ಲಿ ಬೆಳೆಯುವ ಗಿಡ ಎರೆನೆಲದ ಗಿಡದೊಡನೆ ಪೈಪೋಟಿ ಮಾಡಬೇಕಾಗಿಲ್ಲ, ಬರಡುತನವನ್ನು ತಾಳಿದರೆ ಸಾಕು. ಎರೆನೆಲದ ನಡುವೆ ದ್ವೀಪಗಳಂತಿರುವ ಕಲ್ಲುಗುಡ್ಡಗಳಲ್ಲಿ ಬೇರೆಲ್ಲೂ ಇಲ್ಲದ ಪ್ರಭೇದಗಳು ರೂಪುಗೊಳ್ಳಲು ಇದೇ ಕಾರಣ. ಇದು ಬರಿಯ ಊಹೆಯಲ್ಲ. ಕೊಲ್ಹಾಪುರದ ಸಸ್ಯವಿಜ್ಞಾನಿ ಎಸ್. ಆರ್. ಯಾದವ್ ಮತ್ತು ಸಂಗಡಿಗರು 2016ರಲ್ಲಿ ಇಲ್ಲಿನ ಮರಳುಗಲ್ಲಿನ ನೆಲದಿಂದ ವಿಜ್ಞಾನಕ್ಕೆ ಹೊಸದಾದ ಒಂದು ಸಸ್ಯವನ್ನು ವರ್ಣಿಸಿದರು. ಅದಕ್ಕೆ ಕೊಟ್ಟ ಹೆಸರು ಯುಫೋರ್ಬಿಯಾ ಗೋಕಾಕೆನ್ಸಿಸ್. ನಮ್ಮ ಹಾಲುಗಳ್ಳಿಯ ಕುಲಕ್ಕೆ ಸೇರಿದ್ದು. ಗೋಕಾಕದ ಹೆಸರು ಜಗತ್ತಿನ ಸಸ್ಯಕೋಶದಲ್ಲಿ ಶಾಶ್ವತವಾಗಿ ಸೇರಿತು. ನೂರಾರು ವರ್ಷ ಜನ ನೋಡಿ ಹೋದ ಜಲಪಾತದ ಸೀಮೆಯಲ್ಲೇ ಹೆಸರಿಲ್ಲದ ಗಿಡವೊಂದು 2016ರವರೆಗೆ ಕಾಯುತ್ತಿತ್ತು. ಈ ಸುದ್ದಿಯನ್ನು ನೀವು ಯಾವುದಾದರೂ ಪ್ರವಾಸಿ ಫಲಕದಲ್ಲಿ ಓದಿದ್ದೀರಾ?

ಇಲ್ಲಿ ಮತ್ತೆ ನಯಾಗರದ ಹೋಲಿಕೆಗೆ ಬರಬೇಕು. ನಯಾಗರ ಜಲಪಾತ ಧುಮುಕುವ ಬಂಡೆಯಂಚು ನೂರಾರು ಕಿಲೋಮೀಟರ್ ಉದ್ದದ ಕಡಿದಾದ ಸಾಲು. ಆ ಗೋಡೆಗೆ ಅಂಟಿಕೊಂಡು ಕುಳ್ಳಗಿನ, ಸೊಟ್ಟಗಿನ ಸೀಡರ್ ಮರಗಳಿವೆ. ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 1980ರ ದಶಕದ ಕೊನೆಯಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಡಗ್ಲಾಸ್ ಲಾರ್ಸನ್ ಮತ್ತು ಸಂಗಡಿಗರು ಅವುಗಳ ವಾರ್ಷಿಕ ಉಂಗುರಗಳನ್ನು ಎಣಿಸಿದಾಗ ಕೆಲವು ಮರಗಳ ವಯಸ್ಸು ಸಾವಿರ ವರ್ಷ ದಾಟಿತ್ತು. ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದ ‘ಕುರುಚಲು’ ಪೂರ್ವ ಉತ್ತರ ಅಮೆರಿಕದ ಅತಿ ಪ್ರಾಚೀನ ಕಾಡುಗಳಲ್ಲೊಂದು ಎಂದು ತಿಳಿದದ್ದು ಆಗ. 1990ರಲ್ಲಿ ಯುನೆಸ್ಕೊ ಆ ಬಂಡೆಸಾಲನ್ನು ಜೀವಗೋಳ ಮೀಸಲು ಎಂದು ಮಾನ್ಯ ಮಾಡಿತು. ಗೋಕಾಕದ ಗುಡ್ಡದಲ್ಲೂ ಸಾವಿರ ವರ್ಷದ ಮರವಿದೆ ಎಂದು ಇದರ ಅರ್ಥವಲ್ಲ. ಎಣಿಸದೆ ‘ಕುರುಚಲು’ ಎಂದು ಬರೆಯಬಾರದು ಎಂಬುದಷ್ಟೇ ಪಾಠ.

‘ಬಂಜರು’ ಎಂಬ ಪದದಿಂದ ಎರಡು ಬಗೆಯ ಅಪಾಯವಿದೆ. ಬೇಡದ ನೆಲ ಎಂದು ಕಲ್ಲು ತೆಗೆಯಲು, ಕಟ್ಟಡ ಕಟ್ಟಲು ಅನುಮತಿ ಸುಲಭವಾಗುವುದು ಒಂದು. ಒಳ್ಳೆಯ ಉದ್ದೇಶದಿಂದಲೇ ನಡೆಯುವ ಹಾನಿ ಇನ್ನೊಂದು. ಬೋಳು ಗುಡ್ಡವನ್ನು ಹಸಿರು ಮಾಡಬೇಕೆಂದು ಗುಂಡಿ ತೋಡಿ, ಹೊರಗಿನ ಮಣ್ಣು ತುಂಬಿ, ನೀಲಗಿರಿ, ಅಕೇಶಿಯಾ, ಗೊಬ್ಬರಗಿಡಗಳನ್ನು ನೆಟ್ಟರೆ ಬಿಸಿಲನ್ನೇ ನಂಬಿದ ಪುಟ್ಟ ಸಸ್ಯಗಳು ನೆರಳಿನಲ್ಲಿ ನಶಿಸುತ್ತವೆ. ಸಸಿ ನೆಡುವುದು ಎಲ್ಲ ಕಡೆಯೂ ಪರಿಸರ ಕಾರ್ಯವಲ್ಲ.

ಮಾದರಿಗಳು ಹತ್ತಿರದಲ್ಲೇ ಇವೆ

ಕುರುಚಲು ಕಾಡಿಗೂ ರಕ್ಷಣೆ ಕೊಡಬಹುದು ಎಂಬುದಕ್ಕೆ ಉದಾಹರಣೆ ಇದೇ ನದಿಯ ಕೆಳಭಾಗದ ಸೀಮೆಯಲ್ಲಿದೆ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ಭಾಗದ ಯಡಹಳ್ಳಿಯಲ್ಲಿ ಚಿಂಕಾರ ಎಂಬ ಪುಟ್ಟ ಹುಲ್ಲೆಗಾಗಿ 96 ಚದರ ಕಿಲೋಮೀಟರ್‌ಗೂ ಹೆಚ್ಚಿನ ಒಣ ಕುರುಚಲು ಕಾಡು ವನ್ಯಜೀವಿ ಧಾಮವಾಗಿದೆ. ಹುಲ್ಲೆ ಕಾಣಿಸಿಕೊಂಡಿದ್ದರಿಂದ ಅಲ್ಲಿನ ಕುರುಚಲಿಗೆ ಬೆಲೆ ಬಂತು. ಕಾಣಿಸಿಕೊಳ್ಳುವ ಪ್ರಾಣಿ ಇಲ್ಲದ ಕಡೆ ಗಿಡಕ್ಕೂ ಆ ಬೆಲೆ ಬರಬೇಡವೆ?

ಮೇಲ್ಭಾಗದಲ್ಲಿ ಇನ್ನೊಂದು ಮಾದರಿಯಿದೆ. ಸಂಕೇಶ್ವರದ ಮೂಲಕ ಹುಕ್ಕೇರಿ ತಾಲ್ಲೂಕಿನಲ್ಲಿ ಹರಿದು ಘಟಪ್ರಭೆಯನ್ನು ಸೇರುವ ಹಿರಣ್ಯಕೇಶಿ ನದಿ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯಲ್ಲಿ. ಅಲ್ಲಿನ ಶಿವಾಲಯದ ಕೊಳದಲ್ಲಿ ದೊರೆತ ಪುಟ್ಟ ಮೀನೊಂದನ್ನು 2020ರಲ್ಲಿ ಸ್ಕಿಸ್ಟುರಾ ಹಿರಣ್ಯಕೇಶಿ ಎಂದು ಹೆಸರಿಸಲಾಯಿತು. ಮರುವರ್ಷವೇ, 2021ರಲ್ಲಿ, ಮಹಾರಾಷ್ಟ್ರ ಸರ್ಕಾರ ಸುಮಾರು 2 ಹೆಕ್ಟೇರ್ ವಿಸ್ತಾರದ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿತು. 2002ರ ಜೀವವೈವಿಧ್ಯ ಕಾಯಿದೆ ಇದಕ್ಕೆ ಅವಕಾಶ ಕೊಡುತ್ತದೆ. ದೇಶದಲ್ಲಿ ಈ ಬಗೆಯ ಮೊದಲ ತಾಣ ನಮ್ಮದೇ ರಾಜ್ಯದ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು, 2007ರಲ್ಲಿ. ಮೇಲೆ ಮೀನಿಗೆ ಸಿಕ್ಕ ಗೌರವ ಅದೇ ಜಲಾನಯನದ ಕೆಳಗೆ ಗಿಡಕ್ಕೆ ಸಿಗಲು ಕಾನೂನಿನ ಅಡ್ಡಿಯೇನೂ ಇಲ್ಲ. ಇಂಥ ತಾಣಕ್ಕೆ ಸಾವಿರಾರು ಹೆಕ್ಟೇರ್ ಬೇಕಾಗಿಲ್ಲ. ಯಾರನ್ನೂ ಒಕ್ಕಲೆಬ್ಬಿಸಬೇಕಾಗಿಲ್ಲ.

ವರ್ಣನೆಯನ್ನು ತಿದ್ದುವುದು ಹೇಗೆ?

ಟೀಕೆಯ ಜೊತೆಗೆ ಕೆಲಸವನ್ನೂ ಸೂಚಿಸಬೇಕು. ನಾಲ್ಕು ಕೆಲಸಗಳು ತುರ್ತಾಗಿ ಆಗಬೇಕಾಗಿವೆ.

ಮೊದಲನೆಯದು ಸಸ್ಯಗಳ ಪಟ್ಟಿ. ಗೋಕಾಕ, ಗೊಡಚಿನಮಲ್ಕಿಗಳ ಸುತ್ತಲಿನ ಮರಳುಗಲ್ಲಿನ ನೆಲದಲ್ಲಿ ನಿಗದಿತ ಅಳತೆಯ ಚೌಕಗಳನ್ನು ಗುರುತಿಸಿ ವರ್ಷದ ಹನ್ನೆರಡೂ ತಿಂಗಳು ನೋಡಬೇಕು. ಮಳೆ ಬಿದ್ದ ಕೆಲವೇ ವಾರಗಳಲ್ಲಿ ಹುಟ್ಟಿ, ಹೂಬಿಟ್ಟು ಮಾಯವಾಗುವ ಸಸ್ಯಗಳು ಜನವರಿಯ ಒಂದು ಭೇಟಿಯಲ್ಲಿ ಸಿಗುವುದಿಲ್ಲ.

ಎರಡನೆಯದು ನೀರಿನ ಲೆಕ್ಕ. ಧೂಪದಾಳದಿಂದ ಕಾಲುವೆಗೆ ಎಷ್ಟು, ನದಿಗೆ ಎಷ್ಟು ಎಂಬುದನ್ನು ದಿನವಹಿ ಪ್ರಕಟಿಸಿ, ಅದರ ಪಕ್ಕದಲ್ಲೇ ಪಕ್ಷಿಗಳ ಎಣಿಕೆಯನ್ನು, ಮೀನುಗಳ ದಾಖಲೆಯನ್ನು ಇಡಬೇಕು. ಹತ್ತು ವರ್ಷದ ಅಂಕಿ ಸೇರಿದರೆ ನದಿಯ ಕನಿಷ್ಠ ಪಾಲು ಎಷ್ಟು ಎಂದು ರೈತರೂ ಎಂಜಿನಿಯರೂ ಜೀವವಿಜ್ಞಾನಿಯೂ ಕೂತು ಮಾತಾಡಬಹುದು. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣಕ್ಕೆ ನೀರು ನುಗ್ಗಿದ್ದನ್ನು ಕಂಡವರಿಗೆ ನದಿಯ ಲೆಕ್ಕ ಬರಿಯ ಹಕ್ಕಿಗಳ ವಿಷಯವಲ್ಲ ಎಂಬುದು ಗೊತ್ತಿದೆ.

ಮೂರನೆಯದು ನೆಡುತೋಪುಗಳಿಗೆ ತಡೆ. ಸಮೀಕ್ಷೆ ಮುಗಿಯುವವರೆಗೆ ಕಲ್ಲುನೆಲದ ಮೇಲೆ ಹೊರಗಿನ ಜಾತಿಯ ಸಸಿ ನೆಡುವುದನ್ನು ನಿಲ್ಲಿಸಬೇಕು.

ನಾಲ್ಕನೆಯದು ನಿಮ್ಮಿಂದಲೇ ಆಗುವಂಥದು. ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು ಎಂಬುದು ಕಾನೂನು. ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಆ ದಾಖಲಾತಿಯನ್ನು ನೋಡಿ. ಕುರಿ ಕಾಯುವವರಿಗೆ, ಮೀನು ಹಿಡಿಯುವವರಿಗೆ, ನಾಟಿ ಔಷಧಿ ಕೊಡುವವರಿಗೆ ಗೊತ್ತಿರುವ ಗಿಡ, ಮೀನುಗಳ ಕನ್ನಡ ಹೆಸರುಗಳು ಅದರಲ್ಲಿವೆಯೆ? ಇಲ್ಲದಿದ್ದರೆ ಬರೆಯಿಸಿ. ಶಾಲೆಯ ವಿಜ್ಞಾನ ಸಂಘ ಒಂದು ಮಳೆಗಾಲದಲ್ಲಿ ಒಂದು ಗುಡ್ಡದ ಪಟ್ಟಿಯನ್ನು ಮಾಡಬಲ್ಲದು. ಆದರೆ ಗಿಡವನ್ನು ಕೀಳದೆ, ಚಿತ್ರ ಮತ್ತು ಟಿಪ್ಪಣಿಗಳಿಂದಲೇ ಮಾಡಬೇಕು. ಅಪರೂಪದ ಸಸ್ಯವಿರುವ ನಿಖರ ಜಾಗವನ್ನು ಎಲ್ಲರಿಗೂ ಸಾರುವುದೂ ಬೇಡ.

ಮುಂದಿನ ಸಲ ಗೋಕಾಕ ಜಲಪಾತದ ಬಗೆಗೆ ಪಾಠವನ್ನೋ ಫಲಕವನ್ನೋ ಬರೆಯುವವರು 52 ಮತ್ತು 177 ಎಂಬ ಅಂಕಿಗಳನ್ನು ಬರೆಯಲಿ, ‘ನಯಾಗರ’ ಎಂದೂ ಬರೆಯಲಿ. ಅದರ ಕೆಳಗೆ ಒಂದು ಸಾಲು ಸೇರಿಸಿದರೆ ಸಾಕು: ಈ ಮರಳುಗಲ್ಲಿನ ನೆಲದಿಂದ ಯುಫೋರ್ಬಿಯಾ ಗೋಕಾಕೆನ್ಸಿಸ್ ಎಂಬ ಸಸ್ಯ 2016ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು, ಬಂಡೆಯ ಮೇಲೆ ನಡೆಯುವಾಗ ಕಾಲಕೆಳಗೆ ನೋಡಿಕೊಂಡು ನಡೆಯಿರಿ.